ಐದು ರೂಪಾಯಿ ಪಾಕೀಟಿನಲ್ಲಿ ನಮ್ಮ ಶೇಂಗಾ ಎಷ್ಟು?

ಅಕ್ಕಲಕೋಟೆ, ಜತ್ತದ ಕಡೆ ಅದು ಶೇಂಗಾ. ರಾಯದುರ್ಗ, ಮಡಕಶಿರಾ ಸೀಮೆಯಲ್ಲಿ ಕಡ್ಲೆಕಾಯಿ. ಕಾಸರಗೋಡಿನವರ ಬಾಯಲ್ಲಿ ನೆಲಗಡಲೆ. ಪಕ್ಕದ ಮರಾಠಿಯವರಿಗೆ ಭುಯಿಮೂಗ್, ತೆಲುಗರಿಗೆ ವೇರುಶನಗ. ಹೆಸರು ಐದು, ಬೆಳೆ ಒಂದೇ. ಮಳೆ ಕೈಕೊಟ್ಟ ವರ್ಷ ಅಳಿಸುವುದೂ ಅದೇ, ಬಂದ ವರ್ಷ ಸಾಲ ತೀರಿಸುವುದೂ ಅದೇ.

ಈ ಬೆಳೆಗೆ ಹೊಲದಿಂದ ಹೊರಟ ಮೇಲೆ ಎರಡೇ ದಾರಿ. ಒಂದು ಗಾಣದ ದಾರಿ, ಇನ್ನೊಂದು ಬಾಯಿಯ ದಾರಿ. ಎಣ್ಣೆಗೆ ಹೋದ ಕಾಯಿಯ ಬೆಲೆಯನ್ನು ತಾಳೆ ಎಣ್ಣೆಯ ದರ ಹಿಡಿದು ಎಳೆಯುತ್ತದೆ. ತಿನ್ನಲು ಹೋದ ಕಾಳಿನ ಬೆಲೆಯನ್ನು ತಿನ್ನುವವನ ನಾಲಿಗೆ ನಿರ್ಧರಿಸುತ್ತದೆ. ಆ ನಾಲಿಗೆ ಈಗ ನಮ್ಮೂರಿನದಷ್ಟೇ ಅಲ್ಲ. ಜಕಾರ್ತಾ, ಮನಿಲಾ, ಬ್ಯಾಂಕಾಕ್, ಟೋಕಿಯೊಗಳ ಗಿರಾಕಿ ಏನು ಕೇಳುತ್ತಾನೆ ಎಂಬುದು ಆದೋನಿ ಯಾರ್ಡಿನ ಸವಾಲಿನ ಮೇಲೆ ಪರಿಣಾಮ ಬೀರುವ ಕಾಲ ಬಂದಿದೆ. ಹಾಗಾಗಿ ಏಷ್ಯಾದ ಕುರುಕಲು ತಿಂಡಿಯ ಪೇಟೆ ಯಾವ ಕಡೆ ಹೊರಳುತ್ತಿದೆ ಎಂದು ತಿಳಿಯುವುದು ಪೇಟೆಯ ಸಾಹುಕಾರರ ಕೆಲಸ ಮಾತ್ರ ಅಲ್ಲ, ನಮ್ಮ ರೈತನ, ಅಡತಿಯವನ ಕೆಲಸವೂ ಹೌದು.

ಗಡಿಯ ಯಾವುದೇ ಹಳ್ಳಿಯ ಕಿರಾಣಿ ಅಂಗಡಿ ನೋಡಿ. ತೋರಣದ ಹಾಗೆ ಬಣ್ಣಬಣ್ಣದ ಪಾಕೀಟು ತೂಗಾಡುತ್ತವೆ. ಹಿಂದೆ ಅದೇ ಜಾಗದಲ್ಲಿ ಹುರಿದ ಶೇಂಗಾದ ಡಬ್ಬಿ, ಪುಠಾಣಿಯ ಡಬ್ಬಿ, ಚುರುಮುರಿಯ ಚೀಲ ಇರುತ್ತಿದ್ದವು. ತೂಗಾಡುವ ಪಾಕೀಟಿನ ಹಿಂಬದಿ ಓದಿದರೆ ಸಾಮಾನ್ಯವಾಗಿ ಸಿಗುವುದು ಅಕ್ಕಿ ಹಿಟ್ಟು, ಮೆಕ್ಕೆಜೋಳದ ಹಿಟ್ಟು, ಆಲೂಗಡ್ಡೆ, ತಾಳೆ ಎಣ್ಣೆ, ಉಪ್ಪು, ಮಸಾಲೆ. ಶೇಂಗಾ, ಜೋಳ ಎಲ್ಲೋ ಮೂಲೆಯಲ್ಲಿ. ಇದು ಹೇಗಾಯಿತು? ಮುಂದೆ ಹೀಗೇ ಇರ್ತದಾ?

ಚಿಲ್ಲರೆ ಕಾಸಿನ ಗಿರಾಕಿ

ಏಷ್ಯಾದ ತಿಂಡಿ ಪೇಟೆಯ ಮೊದಲ ಗುಟ್ಟು ಎಂದರೆ, ಇಲ್ಲಿನ ಗಿರಾಕಿ ದುಡ್ಡನ್ನು ಸ್ವಲ್ಪಸ್ವಲ್ಪವೇ ಬಿಚ್ಚುತ್ತಾನೆ, ಆದರೆ ದಿನಾ ಬಿಚ್ಚುತ್ತಾನೆ. ಫಿಲಿಪೀನ್ಸ್‌ನಲ್ಲಿ ಇದಕ್ಕೆ 'ತಿಂಗಿ' ಎಂಬ ಹೆಸರೇ ಉಂಟು. ಒಂದು ಬೆಳ್ಳುಳ್ಳಿ, ಒಂದು ಸಿಗರೇಟು, ಒಂದು ಪುಟ್ಟ ಪಾಕೀಟು — ಬೇಕಾದಷ್ಟೇ ಬಿಡಿಯಾಗಿ ಕೊಳ್ಳುವ ಪದ್ಧತಿ. ಅಲ್ಲಿನ ಮನೆಮುಂದಿನ ಸಾರಿ-ಸಾರಿ ಅಂಗಡಿಗಳು ಹತ್ತು ಲಕ್ಷಕ್ಕೂ ಹೆಚ್ಚು. ಅವು ನಡೆಯುವುದೇ ಈ ಬಿಡಿ ವ್ಯಾಪಾರದ ಮೇಲೆ. ನಮ್ಮಲ್ಲಿ ಶಾಂಪೂ ಪುಡಿಕೆ ತೋರಿಸಿಕೊಟ್ಟ ದಾರಿಯನ್ನು ಮುಂದೆ ಚಿಪ್ಸಿನವರು ಹಿಡಿದರು. ಐದು ರೂಪಾಯಿ, ಹತ್ತು ರೂಪಾಯಿ ಎಂಬ ಎರಡು ಗೂಟಗಳನ್ನು ಹೊಡೆದು ಇಡೀ ವ್ಯಾಪಾರವನ್ನು ಅವಕ್ಕೆ ಕಟ್ಟಿದರು.

ಗೂಟ ಅಲ್ಲಾಡುವ ಹಾಗಿಲ್ಲ. ಮಗು ಕೈಯಲ್ಲಿ ಐದರ ನಾಣ್ಯ ಹಿಡಿದು ಬರ್ತದೆ. ಐದೂವರೆ ಅಂದರೆ ವ್ಯಾಪಾರ ಮುರೀತು. ಆದ್ದರಿಂದ ಖರ್ಚು ಏರಿದಾಗ ಬೆಲೆ ಏರುವುದಿಲ್ಲ, ತೂಕ ಇಳಿಯುತ್ತದೆ. ಪಾಕೀಟಿನ ಅಗಲ ಅಷ್ಟೇ, ಗಾಳಿ ಅಷ್ಟೇ, ಒಳಗಿನ ಗ್ರಾಂ ಮಾತ್ರ ಕಡಿಮೆ. ಈಗಿನ ನಿಯಮದ ಪ್ರಕಾರ ಪಾಕೀಟಿನ ಮೇಲೆ ಗ್ರಾಂ ಲೆಕ್ಕದ ಬೆಲೆಯನ್ನೂ ಮುದ್ರಿಸಬೇಕು. ಓದುವವರು ಕಡಿಮೆ, ಆದರೆ ಓದಿದರೆ ಲೆಕ್ಕ ಅಲ್ಲೇ ಇದೆ.

ಖರ್ಚು ಏರುವುದು ಎಲ್ಲಿ? ಹೆಚ್ಚಾಗಿ ಎಣ್ಣೆಯಲ್ಲಿ. ಕರಿದ ಆಲೂಗಡ್ಡೆ ಚಿಪ್ಸಿನ ತೂಕದಲ್ಲಿ ಸುಮಾರು ಮೂರನೇ ಒಂದು ಪಾಲು ಎಣ್ಣೆಯೇ ಇರುತ್ತದೆ. ಆ ಎಣ್ಣೆ ಬಹುತೇಕ ಇಂಡೋನೇಷ್ಯಾ, ಮಲೇಷ್ಯಾಗಳಿಂದ ಬರುವ ತಾಳೆ ಎಣ್ಣೆ. 2022ರ ಏಪ್ರಿಲ್ ಕೊನೆಗೆ ಇಂಡೋನೇಷ್ಯಾ ತಾಳೆ ಎಣ್ಣೆ ರಫ್ತನ್ನು ಸುಮಾರು ಮೂರು ವಾರ ನಿಲ್ಲಿಸಿದಾಗ ನಮ್ಮ ಕರಿಯುವ ಬಾಣಲೆಗಳೆಲ್ಲ ಗಾಬರಿಗೊಂಡವು. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಕಚ್ಚಾ ತಾಳೆ ಎಣ್ಣೆಯ ಆಮದು ಸುಂಕವನ್ನು ಒಟ್ಟು ಶೇ. 5.5ರಿಂದ 27.5ಕ್ಕೆ ಏರಿಸಿತು, 2025ರ ಮೇ ಕೊನೆಗೆ ಅದನ್ನು ಶೇ. 16.5ಕ್ಕೆ ಇಳಿಸಿತು. ಏರಿಸಿದಾಗ ಶೇಂಗಾ, ಸೂರ್ಯಕಾಂತಿ ಬೆಳೆಯುವವನಿಗೆ ಸ್ವಲ್ಪ ಆಸರೆ. ಇಳಿಸಿದಾಗ ಚಿಪ್ಸ್ ಮಾಡುವವನಿಗೆ ಉಸಿರು. ಇಬ್ಬರಿಗೂ ಒಂದೇ ದಿನ ಹಬ್ಬ ಆಗುವುದಿಲ್ಲ.

2025ರ ಸೆಪ್ಟೆಂಬರ್ 22ರಿಂದ ಪಾಕೀಟಿನ ಖಾರಾ, ಮಿಕ್ಸ್ಚರು, ಚಿಪ್ಸುಗಳ ಮೇಲಿನ ಜಿ.ಎಸ್.ಟಿ. ಶೇ. 12ರಿಂದ 5ಕ್ಕೆ ಇಳಿಯಿತು. ಆಗ ಈ ಗೂಟದ ಮಹಿಮೆ ಎಲ್ಲರಿಗೂ ಕಂಡಿತು. ಕೆಲವು ಕಂಪನಿಗಳು ಐದು ರೂಪಾಯಿಯ ಮಾಲಿಗೆ ನಾಲ್ಕೂವರೆ ಆಸುಪಾಸಿನ ಬೆಲೆ ಮುದ್ರಿಸಿದವು. ಐವತ್ತು ಪೈಸೆ ಚಿಲ್ಲರೆ ಯಾವ ಅಂಗಡಿಯಲ್ಲಿದೆ, ಸ್ವಾಮಿ? ಉಳಿದವರು ಬೆಲೆ ಮುಟ್ಟದೆ ಗ್ರಾಂ ಹೆಚ್ಚಿಸುವ ದಾರಿ ಹಿಡಿದರು.

ಈಗ ನಮ್ಮ ಲೆಕ್ಕಕ್ಕೆ ಬರೋಣ. 2025–26ರ ಮುಂಗಾರಿಗೆ ಕಡಲೆಕಾಯಿಯ ಬೆಂಬಲ ಬೆಲೆ ಕ್ವಿಂಟಲಿಗೆ 7,263 ರೂ. ಕಾಯಿ ಒಡೆದರೆ ನೂರಕ್ಕೆ 70 ಕಿಲೋ ಕಾಳು ಎಂದು ಹಿಡಿಯೋಣ. ಕಾಳು ಕಿಲೋಗೆ ಸುಮಾರು 104 ರೂ. ಬಿತ್ತು. ಹತ್ತು ರೂಪಾಯಿಯ ಮಸಾಲೆ ಶೇಂಗಾ ಪಾಕೀಟಿನಲ್ಲಿ 20 ಗ್ರಾಂ ಕಾಳು ಇದೆ ಎಂದುಕೊಂಡರೆ, ರೈತನ ಪಾಲು 2 ರೂ. 8 ಪೈಸೆ. ಅದೇ ಕಾಯಿಯನ್ನು ಯಾರ್ಡಿನಲ್ಲಿ 6,000ಕ್ಕೆ ಕೊಟ್ಟರೆ ಪಾಲು 1 ರೂ. 71 ಪೈಸೆ. ನೋಡಿ, ರೈತ ಕ್ವಿಂಟಲಿಗೆ 1,263 ರೂಪಾಯಿ ಕಳೆದುಕೊಂಡಾಗ ಪಾಕೀಟಿನ ಖರ್ಚಿನಲ್ಲಿ ಆಗುವ ವ್ಯತ್ಯಾಸ ಸುಮಾರು 36 ಪೈಸೆ. ತಿನ್ನುವವನಿಗೆ ಅದು ತಿಳಿಯುವುದೂ ಇಲ್ಲ. ರೈತನಿಗೆ ಅದು ಮಗಳ ಮದುವೆ.

ಉಳಿದ ಎಂಟು ರೂಪಾಯಿ ಯಾರದು? ಎಣ್ಣೆ, ಮಸಾಲೆ, ಪಾಕೀಟು, ಸಾಗಾಟ, ತೆರಿಗೆ, ಅಂಗಡಿಯವನ ಕಮಿಷನ್ನು, ಜಾಹೀರಾತು, ಕಂಪನಿಯ ಲಾಭ. ಇವುಗಳಲ್ಲಿ ಕೆಲವನ್ನಾದರೂ ನಮ್ಮ ಊರಲ್ಲೇ ಉಳಿಸಿಕೊಳ್ಳಲು ಆಗುತ್ತದೆಯೇ ಎಂಬುದೇ ಪ್ರಶ್ನೆ.

ನಾಲಿಗೆ ಊರಿನದೇ

ಎರಡನೇ ಗುಟ್ಟು ನಮಗೆ ಅನುಕೂಲವಾದದ್ದು. ಏಷ್ಯಾದ ಗಿರಾಕಿ ಪಾಕೀಟು ಬದಲಿಸಿದ, ನಾಲಿಗೆ ಬದಲಿಸಲಿಲ್ಲ.

ಲೇಸ್ ಚಿಪ್ಸು ಭಾರತಕ್ಕೆ ಬಂದದ್ದು 1995ರಲ್ಲಿ. ಅದನ್ನು ಹಳ್ಳಿಗೂ ತಲುಪಿಸಿದ್ದರಲ್ಲಿ ಮಸಾಲೆ ರುಚಿಯ ಪಾಲು ದೊಡ್ಡದು. 1999ರಲ್ಲಿ ಅದೇ ಪೆಪ್ಸಿ ಕಂಪನಿ ಕುರ್‌ಕುರೆ ತಂದಾಗ ಅಕ್ಕಿ, ಮೆಕ್ಕೆಜೋಳ, ಕಡಲೆ ಹಿಟ್ಟು ಸೇರಿಸಿ ನಮ್ಮ ಖಾರಾದ ರುಚಿಯನ್ನೇ ಹೊಸ ಆಕಾರಕ್ಕೆ ಇಳಿಸಿತು. ಇತ್ತ ದೇಶದೊಳಗಿನವರೂ ಸುಮ್ಮನಿರಲಿಲ್ಲ. ರಾಜಕೋಟೆಯ ಸಿನಿಮಾ ಟಾಕೀಸಿನ ಕ್ಯಾಂಟೀನಿನಲ್ಲಿ ದುಡಿಯುತ್ತಿದ್ದ ವೀರಾಣಿ ಸಹೋದರರು 1982ರಲ್ಲಿ ಸ್ವಂತ ವೇಫರ್ ಕರಿಯಲು ಶುರುಮಾಡಿದರು. ಇವತ್ತಿನ ಬಾಲಾಜಿ ವೇಫರ್ಸ್ ಅದೇ. ಬಿಕಾನೇರಿನ ಭುಜಿಯಾ ಅಂಗಡಿಯೊಂದರಿಂದ ಬೆಳೆದ ಹಲ್ದಿರಾಮಿನಲ್ಲಿ 2025ರಲ್ಲಿ ಸಿಂಗಪುರದ ತೆಮಾಸೆಕ್ ಪಾಲು ಕೊಂಡಿತು. ವಿದೇಶಿ ದುಡ್ಡು ಹುಡುಕಿಕೊಂಡು ಬಂದದ್ದು ಭುಜಿಯಾದ ರುಚಿಯನ್ನು, ಭುಜಿಯಾ ವಿದೇಶಿ ರುಚಿಯನ್ನಲ್ಲ!

ಥಾಯ್ಲೆಂಡಿನ ತಾವೊ ಕೇ ನೋಯ್ ಎಂಬ ಕಂಪನಿಯನ್ನು ನೋಡಿ. ಹುರಿದ ಚೆಸ್ಟ್‌ನಟ್ ಮಾರುತ್ತಿದ್ದ ಹುಡುಗನೊಬ್ಬ 2004ರಲ್ಲಿ ಕಡಲಪಾಚಿ ಕರಿದು ಮಾರಲು ಕಂಪನಿ ತೆರೆದ. 2015ರಲ್ಲಿ ಅದು ಷೇರು ಪೇಟೆಗೇ ಬಂತು. ತಮಾಷೆ ಎಂದರೆ ಆ ಪಾಚಿ ಥಾಯ್ಲೆಂಡಿನದಲ್ಲ, ಕೊರಿಯಾದಿಂದ ಬರುತ್ತದೆ. ಬೆಳೆ ಒಬ್ಬರದು, ಹೆಸರು ಇನ್ನೊಬ್ಬರದು. ಲಾಭ ಹೆಸರಿನ ಹಿಂದೆ ಹೋಗ್ತದೆ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತದೆ.

ಜಪಾನಿನ ಕಥೆ ಶೇಂಗಾ ಬೆಳೆಯುವವರು ಓದಲೇಬೇಕಾದದ್ದು. ಅಲ್ಲಿ 'ಕಾಕಿ ನೋ ತಾನೆ' ಎಂಬ ತಿಂಡಿ ಬಹಳ ಹಳೆಯದು. ಅಕ್ಕಿಯ ಖಾರದ ಕಡ್ಡಿಗೆ ಶೇಂಗಾ ಬೆರೆಸಿದ್ದು, ಒಂದು ಥರಾ ನಮ್ಮ ಚುರುಮುರಿ-ಶೇಂಗಾದ ದಾಯಾದಿ. ಅದನ್ನು ಮಾರುವ ಕಾಮೆದಾ ಸೇಕಾ ಕಂಪನಿ 2019ರಲ್ಲಿ ದೇಶದ ಜನರನ್ನೇ ಮತ ಕೇಳಿತು: ಕಡ್ಡಿ ಎಷ್ಟಿರಲಿ, ಶೇಂಗಾ ಎಷ್ಟಿರಲಿ? ಎರಡು ಲಕ್ಷಕ್ಕೂ ಹೆಚ್ಚು ಮತ ಬಿದ್ದವು. ಮೊದಲು ಆರಕ್ಕೆ ನಾಲ್ಕು ಇದ್ದದ್ದು 2020ರಲ್ಲಿ ಏಳಕ್ಕೆ ಮೂರಾಯಿತು. ಅಂದರೆ ಶೇಂಗಾ ಸೋತಿತು. ಹತ್ತರಲ್ಲಿ ಒಂದು ಪಾಲು ಕಾಳು ಒಂದೇ ಏಟಿಗೆ ಪಾಕೀಟಿನಿಂದ ಹೊರಗೆ! ಗಿರಾಕಿಯ ಮನಸ್ಸು ಒಂದಿಂಚು ಸರಿದರೆ ಹೊಲದಲ್ಲಿ ಎಷ್ಟು ಎಕರೆ ಸರಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಇದೇ ಕಂಪನಿ ಭಾರತದ ಅಕ್ಕಿ ವ್ಯಾಪಾರಿಗಳ ಜೊತೆ ಸೇರಿ 'ಕರಿ ಕರಿ' ಎಂಬ ಹೆಸರಿನಲ್ಲಿ ಅಕ್ಕಿ ಕಡ್ಡಿ, ಶೇಂಗಾ ಬೆರೆತ ತಿಂಡಿಯನ್ನು ನಮ್ಮಲ್ಲೂ ಮಾರಾಟಕ್ಕೆ ತಂದಿತು.

ಹುಚ್ಚು ಏರುವುದೂ ಉಂಟು, ಇಳಿಯುವುದೂ ಉಂಟು. ಕೊರಿಯಾದಲ್ಲಿ 2014ರ ಆಗಸ್ಟಿನಲ್ಲಿ ಜೇನು-ಬೆಣ್ಣೆ ರುಚಿಯ ಚಿಪ್ಸು ಬಂತು. ಅಂಗಡಿಗೆ ಬಂದ ಮಾಲು ಗಂಟೆಯೊಳಗೆ ಖಾಲಿ. ಕೆಲವು ಕಡೆ ಒಬ್ಬರಿಗೆ ಒಂದೇ ಪಾಕೀಟು ಎಂದು ಪಡಿತರದ ಹಾಗೆ ಕೊಟ್ಟರು. ಕಂಪನಿ ಎರಡನೇ ಕಾರ್ಖಾನೆ ಕಟ್ಟಿ 2016ರಲ್ಲಿ ಮುಗಿಸುವ ಹೊತ್ತಿಗೆ ನೂಕುನುಗ್ಗಲು ತಣ್ಣಗಾಗಿತ್ತು. ಹೊಸ ರುಚಿಯ ಬೆನ್ನು ಹತ್ತಿ ಸಾಲ ಮಾಡಿ ಯಂತ್ರ ಹಾಕುವವರು ಇದನ್ನು ಗಮನಿಸಬೇಕು. ಕೊರಿಯಾದ ಕಂಪನಿ ತಡೆದುಕೊಂಡೀತು, ಹೊಸೂರಿನ ಸಣ್ಣ ಘಟಕ ತಡೆದುಕೊಳ್ಳಲಿಕ್ಕಿಲ್ಲ.

ತೂಕದ ಅಂಗಡಿ ಮತ್ತೆ ಬಂತು

ನಾವು 'ಹಳೇ ಪದ್ಧತಿ' ಎಂದು ಬಿಟ್ಟ ತೂಕದ ವ್ಯಾಪಾರ ಚೀನಾದಲ್ಲಿ ಹೊಸ ವೇಷ ಹಾಕಿ ಬಂದಿದೆ. ಅಲ್ಲಿ 2012ರಲ್ಲಿ ಶುರುವಾದ 'ಮೂರು ಅಳಿಲು' ಎಂಬರ್ಥದ ಹೆಸರಿನ ಕಂಪನಿ ಬಾದಾಮಿ, ಗೋಡಂಬಿಗಳನ್ನು ಅಂಗಡಿಯೇ ಇಲ್ಲದೆ ಕಂಪ್ಯೂಟರಿನಲ್ಲಿ ಮಾರಿ ದೊಡ್ಡದಾಯಿತು. ಆಮೇಲೆ ಗಿರಾಕಿ ಮತ್ತೆ ಅಂಗಡಿಗೆ ಬಂದ; ಆದರೆ ಅಗ್ಗದ ತಿಂಡಿಯ ಸಗಟು ಅಂಗಡಿಗೆ. ಸಣ್ಣ ಸಣ್ಣ ಪಾಕೀಟುಗಳನ್ನು ಬುಟ್ಟಿಗೆ ತುಂಬಿಕೊಂಡು ತೂಕಕ್ಕೆ ಹಾಕಿ ದುಡ್ಡು ಕೊಡುವ ಅಂಗಡಿ ಅದು. ಅಂಥ ಎರಡು ದೊಡ್ಡ ಸರಪಳಿಗಳು 2023ರಲ್ಲಿ ಒಂದಾದವು. 2024ರ ಕೊನೆಗೆ ಆ ಒಂದೇ ಗುಂಪಿನ ಅಂಗಡಿಗಳು 14 ಸಾವಿರ ದಾಟಿದ್ದವು. ಇವು ಬೆಳೆದದ್ದು ಮಹಾನಗರಕ್ಕಿಂತ ಹೆಚ್ಚಾಗಿ ನಮ್ಮ ತಾಲ್ಲೂಕು ಕೇಂದ್ರಗಳಂಥ ಊರುಗಳಲ್ಲಿ.

ಇದರಿಂದ ತಿಳಿಯುವುದೇನು? ಗಿರಾಕಿ ಪಾಕೀಟಿನ ಅಂದಕ್ಕೆ ಸದಾ ಸೋಲುವುದಿಲ್ಲ. ಮಾಲು ಸ್ವಚ್ಛ, ಬೆಲೆ ನ್ಯಾಯ, ಆಯ್ಕೆ ಹೆಚ್ಚು ಎಂದಾದರೆ ತೂಕಕ್ಕೂ ಬರುತ್ತಾನೆ. ಸೋಲಾಪುರದ, ಆದೋನಿಯ ಹಳೆಯ ಫುಟಾಣಿ-ಶೇಂಗಾ ಅಂಗಡಿಗಳಿಗೆ ಇದು ಸಾವಿನ ಸುದ್ದಿಯಲ್ಲ. ಡಬ್ಬಿಗೆ ಮುಚ್ಚಳ, ಕೈಗೆ ಗ್ಲೌಸು, ಮೇಲೆ ಹುರಿದ ತಾರೀಖು — ಇಷ್ಟು ಇದ್ದರೆ ಹಳೆಯ ಅಂಗಡಿಯೇ ಹೊಸ ಅಂಗಡಿ.

ಎಣ್ಣೆ, ಉಪ್ಪು ಮತ್ತು ಅಕ್ಷರ

ಮೂರನೆಯದು ಆರೋಗ್ಯದ ಚಿಂತೆ. ಇದು ಬರೀ ಪೇಟೆಯ ಶ್ರೀಮಂತರ ಶೋಕಿ ಅಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಹಳ್ಳಿಯ ಕಟ್ಟೆಗೂ ಬಂದಿವೆ. ಥಾಯ್ಲೆಂಡ್ 2011ರಲ್ಲೇ ಚಿಪ್ಸ್, ಬಿಸ್ಕತ್ತು ಮುಂತಾದ ಕುರುಕಲು ತಿಂಡಿಗಳ ಪಾಕೀಟಿನ ಮುಂಬದಿಯಲ್ಲಿ ಸಕ್ಕರೆ, ಕೊಬ್ಬು, ಸೋಡಿಯಂ ಎಷ್ಟೆಂದು ಬರೆಯುವುದನ್ನು ಕಡ್ಡಾಯ ಮಾಡಿತು. ನಮ್ಮಲ್ಲಿ ಆಹಾರ ಸುರಕ್ಷಾ ಪ್ರಾಧಿಕಾರ 2022ರಲ್ಲಿ ನಕ್ಷತ್ರ ಕೊಡುವ ಕರಡು ನಿಯಮ ಹೊರಡಿಸಿತು. ನಕ್ಷತ್ರ ಸಾಲದು, ಎಚ್ಚರಿಕೆಯ ಗುರುತೇ ಬೇಕು ಎಂದವರ ವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ಉಪ್ಪು, ಸಕ್ಕರೆ, ಕೊಬ್ಬು ತುಂಬಿದ ತಯಾರಿ ತಿಂಡಿಗಳನ್ನು ಕಡಿಮೆ ಮಾಡಿ ಎಂದು ಸ್ಪಷ್ಟವಾಗಿ ಹೇಳಿದೆ.

ಕರಿದದ್ದು ಬೇಡ ಎಂದ ಮೇಲೆ ಏನು ಬೇಕು? ಹುರಿದದ್ದು, ಸುಟ್ಟದ್ದು, ಅರಳಿಸಿದ್ದು. ಹುರಿದ ಶೇಂಗಾ, ಹುರಿಗಡಲೆ, ಜೋಳದ ಅರಳು, ಮಂಡಕ್ಕಿ — ಇವುಗಳ ಪಟ್ಟಿಯನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಶೇಂಗಾದಲ್ಲಿ ಸುಮಾರು ಕಾಲು ಭಾಗ ಪ್ರೋಟೀನು. ಪೇಟೆಯ ಜಾಹೀರಾತು 'ಪ್ರೋಟೀನ್ ತಿಂಡಿ' ಎಂದು ಕೂಗುವುದನ್ನು ನಮ್ಮ ಜಾತ್ರೆಯ ಶೇಂಗಾ ಗಾಡಿ ಕೂಗದೆ ಕೊಡುತ್ತಿತ್ತು.

2023ನ್ನು ವಿಶ್ವಸಂಸ್ಥೆ ಭಾರತದ ಪ್ರಸ್ತಾವದ ಮೇಲೆ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಆ ಗದ್ದಲದಲ್ಲಿ ಜೋಳದ ಚಿಪ್ಸು, ರಾಗಿ ಕಡ್ಡಿ, ಸಜ್ಜೆ ಬಿಸ್ಕತ್ತುಗಳು ಪೇಟೆಗೆ ಬಂದವು. ಕೆಲವು ಪಾಕೀಟಿನ ಮುಂದೆ 'ಸಿರಿಧಾನ್ಯ' ಎಂದು ದೊಡ್ಡ ಅಕ್ಷರ, ಹಿಂದೆ ಓದಿದರೆ ಮೊದಲ ಹೆಸರು ಅಕ್ಕಿಯದೋ ಮೆಕ್ಕೆಜೋಳದ್ದೋ. ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚು ಇರುವುದನ್ನೇ ಮೊದಲು ಬರೆಯಬೇಕೆಂಬುದು ನಿಯಮ. ಕೊಳ್ಳುವವರು ಮುಂಬದಿ ನೋಡದೆ ಹಿಂಬದಿ ಓದುವುದು ಒಳ್ಳೆಯದು.

ನಿಜವಾದ ಜೋಳದ ಕುರುಕಲು ನಮ್ಮಲ್ಲೇ ಇದೆ: ಖಡಕ್ ರೊಟ್ಟಿ. ಸೋಲಾಪುರದಲ್ಲಿ ಅದೇ ಕಡಕ್ ಭಾಕರಿ. ಎಣ್ಣೆ ಇಲ್ಲ, ವಾರಗಟ್ಟಲೆ ಕೆಡುವುದಿಲ್ಲ, ಮುರಿದರೆ ಚಿಪ್ಸಿಗಿಂತ ಜೋರಾಗಿ ಸದ್ದು. ಸೋಲಾಪುರದ ಶೇಂಗಾ ಚಟ್ನಿ, ಕಡಕ್ ಭಾಕರಿ ಪಾಕೀಟಿನಲ್ಲಿ ಪುಣೆ-ಮುಂಬಯಿಗೆ ಹೋಗುತ್ತಿವೆ. ಗಡಿಯ ಈಚೆ ಕಲಬುರಗಿಯ ಮಹಿಳಾ ಸ್ವಸಹಾಯ ಸಂಘಗಳ ರೊಟ್ಟಿ 'ಕಲಬುರಗಿ ರೊಟ್ಟಿ' ಎಂಬ ಹೆಸರಿನಲ್ಲೇ ಮಾರಾಟವಾಗುತ್ತಿದೆ. ಮಂಗಳವೇಢೆಯ ಜೋಳಕ್ಕೆ 2016ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಮಾಲದಂಡಿ ಜೋಳದ ಬೆಂಬಲ ಬೆಲೆ 2025–26ಕ್ಕೆ ಕ್ವಿಂಟಲಿಗೆ 3,749 ರೂ., ಅಂದರೆ ಕಿಲೋಗೆ ಮೂವತ್ತೇಳೂವರೆ. ಅದೇ ಕಿಲೋ ಜೋಳ ರೊಟ್ಟಿಯಾಗಿ ಪಾಕೀಟು ಸೇರಿದರೆ ಅದರ ಬೆಲೆ ಎಷ್ಟಾಗ್ತದೆ ಎಂದು ರೊಟ್ಟಿ ತಟ್ಟುವ ಅಕ್ಕನನ್ನೇ ಕೇಳಿ, ಲೆಕ್ಕ ಬೆರಳ ತುದಿಯಲ್ಲಿದೆ.

ದಕ್ಷಿಣದ ಗಡಿಯಲ್ಲಿ ಬಾಳೆಕಾಯಿ ಚಿಪ್ಸಿನ ಮಾತೇ ಬೇರೆ. ವಯನಾಡಿನ ನೇಂದ್ರ ಬಾಳೆ, ಈಚೆ ಗುಂಡ್ಲುಪೇಟೆ ಕಡೆಯ ಬಾಳೆ, ಎರಡೂ ಕೇರಳದ ಬಾಣಲೆಗೆ ಬೀಳುತ್ತವೆ. ಅಲ್ಲಿನ ಗಿರಾಕಿಗೆ ತೆಂಗಿನೆಣ್ಣೆಯಲ್ಲೇ ಕರಿದದ್ದು ಆಗಬೇಕು. 2025ರ ಓಣಂ ಮುಂಚೆ ತೆಂಗಿನೆಣ್ಣೆ ಲೀಟರಿಗೆ 400 ರೂ. ದಾಟಿ ಹೋದಾಗ ಚಿಪ್ಸಿನ ಬೆಲೆಯೂ ಏರಿತು. ಐದು ರೂಪಾಯಿಯ ಗೂಟಕ್ಕೆ ಕಟ್ಟದ ತಿಂಡಿಗೆ ಇರುವ ಶಕ್ತಿ ಇದು: ರುಚಿಗೆ ಹೆಸರಿದ್ದರೆ ಗಿರಾಕಿ ಗೊಣಗಿಕೊಂಡಾದರೂ ಹೆಚ್ಚು ಕೊಡುತ್ತಾನೆ.

ಬೂಷ್ಟು ಎಂಬ ಒಳಶತ್ರು

ನಾಲ್ಕನೆಯದು, ನಮ್ಮ ಶೇಂಗಾದ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು: ಮಾಲು ಸುರಕ್ಷಿತವೇ ಎಂಬ ಪ್ರಶ್ನೆ.

ಇಂಡೋನೇಷ್ಯಾದಲ್ಲಿ ಶೇಂಗಾಕ್ಕೆ 'ಕಾಚಾಂಗ್' ಎನ್ನುತ್ತಾರೆ. ಹಿಟ್ಟಿನ ಲೇಪ ಕೊಟ್ಟು ಕರಿದ, ಹುರಿದ, ಬೆಳ್ಳುಳ್ಳಿ ಹಾಕಿದ ಕಾಚಾಂಗ್ ಅಲ್ಲಿ ಮನೆಮನೆಯ ತಿಂಡಿ. ಮಧ್ಯ ಜಾವಾದ ಪಾತಿ ಎಂಬ ಊರಿನಿಂದಲೇ ಗರುಡಾಫುಡ್, ದುವಾ ಕೆಲಿಂಚಿ ಎಂಬ ಎರಡು ದೊಡ್ಡ ಶೇಂಗಾ ತಿಂಡಿ ಕಂಪನಿಗಳು ಎದ್ದವು. ಭಾರತದ ಶೇಂಗಾ ಕಾಳಿಗೆ ಇಂಡೋನೇಷ್ಯಾ ಬಹುದೊಡ್ಡ ಗಿರಾಕಿ; ವಿಯೆಟ್ನಾಂ, ಫಿಲಿಪೀನ್ಸ್, ಮಲೇಷ್ಯಾ, ಥಾಯ್ಲೆಂಡ್ ಅದರ ಜೊತೆಗಾರರು. ರಫ್ತಾಗುವ ಕಾಳಿನಲ್ಲಿ ಗುಜರಾತಿನ ಪಾಲೇ ಹೆಚ್ಚು, ನಿಜ. ಆದರೆ ಗುಜರಾತಿನ ಬಾಗಿಲು ಮುಚ್ಚಿದರೆ ಆ ಮಾಲು ದೇಶದೊಳಗೇ ಉಳಿದು ನಮ್ಮ ಯಾರ್ಡಿನ ದರವನ್ನೂ ಒತ್ತುತ್ತದೆ.

ಆ ಬಾಗಿಲು 2025ರ ಸೆಪ್ಟೆಂಬರಿನಲ್ಲಿ ಮುಚ್ಚಿತು. ಭಾರತದಿಂದ ಬಂದ ಕಾಳಿನಲ್ಲಿ ಅಫ್ಲಾಟಾಕ್ಸಿನ್ ಮಿತಿ ಮೀರಿದೆ ಎಂದು ಇಂಡೋನೇಷ್ಯಾ ಆಮದನ್ನು ತಡೆಹಿಡಿಯಿತು. ಮುಂಗಾರಿನ ಹೊಸ ಮಾಲು ಬರುವ ಹೊತ್ತಿಗೇ ಈ ಸುದ್ದಿ.

ಅಫ್ಲಾಟಾಕ್ಸಿನ್ ಎಂದರೆ ಒಂದು ಜಾತಿಯ ಹಸಿರು-ಹಳದಿ ಬೂಷ್ಟು ಬಿಡುವ ವಿಷ. ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುವಂಥದ್ದು. ಹುರಿದರೂ ಪೂರ್ತಿ ಹೋಗುವುದಿಲ್ಲ. ಕೆಟ್ಟ ಕಾಳಿನ ಹಿಂಡಿ ಎಮ್ಮೆಗೆ ಹಾಕಿದರೆ ಹಾಲಿಗೂ ಇಳಿಯುತ್ತದೆ. ನೇರವಾಗಿ ತಿನ್ನುವ ಶೇಂಗಾದಲ್ಲಿ ಯುರೋಪು ಒಪ್ಪುವುದು ಒಂದು ಟನ್ನಿಗೆ ಒಟ್ಟು 4 ಮಿಲಿಗ್ರಾಂ ಮಾತ್ರ. ಒಂದು ಲಾರಿ ಮಾಲಿನಲ್ಲಿ ಒಂದು ಚಿಟಿಕೆಗಿಂತ ಕಡಿಮೆ. ಹತ್ತು ಕೆಟ್ಟ ಕಾಳು ಒಂದು ಚೀಲವನ್ನು, ಕೆಲವು ಕೆಟ್ಟ ಚೀಲ ಇಡೀ ಕಂಟೇನರನ್ನು ಕೆಡಿಸಬಲ್ಲವು.

ಬೂಷ್ಟು ಎಲ್ಲಿ ಹತ್ತುತ್ತದೆ? ಮೊದಲು ಹೊಲದಲ್ಲೇ. ಕೀಳುವ ಮುಂಚಿನ ಮೂರು-ನಾಲ್ಕು ವಾರ ಬರ ಬಿದ್ದು ಮಣ್ಣು ಕಾದರೆ ಕಾಯೊಳಗೆ ಸೇರುತ್ತದೆ. ರಾಯದುರ್ಗ, ಮಡಕಶಿರಾ ಸೀಮೆಗೆ ಇದು ಹೊಸದಲ್ಲ. ಎರಡನೆಯದು ಕಣದಲ್ಲಿ: ಅರೆ ಒಣಗಿದ ಕಾಯಿಯನ್ನು ಬಣವೆ ಹಾಕಿದಾಗ. ಮೂರನೆಯದು ವ್ಯಾಪಾರದಲ್ಲಿ, ಇದನ್ನು ಅಡತಿಯವರು ಕಿವಿಗೊಟ್ಟು ಕೇಳಬೇಕು. ಯಂತ್ರದಲ್ಲಿ ಒಡೆಯುವಾಗ ಕಾಳು ಮುರಿಯದಿರಲಿ ಎಂದು, ತೂಕವೂ ಸ್ವಲ್ಪ ಬರಲಿ ಎಂದು, ಕಾಯಿಗೆ ನೀರು ಚಿಮುಕಿಸುವ ಅಭ್ಯಾಸ ಉಂಟು. ಆ ನೀರೇ ಬೂಷ್ಟಿಗೆ ಆಮಂತ್ರಣ. ಕ್ವಿಂಟಲಿಗೆ ಒಂದೆರಡು ಕಿಲೋ ಲಾಭಕ್ಕೆ ದೇಶಾಂತರದ ಗಿರಾಕಿಯನ್ನೇ ಕಳೆದುಕೊಳ್ಳುವ ವ್ಯಾಪಾರ ಅದು.

ಹೊಲದಲ್ಲೇ ಶುರುವಾಗುವ ತಿಂಡಿ

ಇದಕ್ಕೆ ಮದ್ದು ದುಬಾರಿ ಏನಲ್ಲ. ಹೂ ಬಿಡುವ ಕಾಲಕ್ಕೆ ಎಕರೆಗೆ ಸುಮಾರು ಎರಡು ಕ್ವಿಂಟಲ್ ಜಿಪ್ಸಂ ಕೊಟ್ಟರೆ ಸಿಪ್ಪೆ ಗಟ್ಟಿಯಾಗುತ್ತದೆ, ಕಾಳು ತುಂಬುತ್ತದೆ. ಸಾಧ್ಯವಿದ್ದವರು ಕೊನೆಯ ವಾರಗಳಲ್ಲಿ ಒಂದು ನೀರು ಕಟ್ಟಿದರೆ ಅರ್ಧ ಅಪಾಯ ಕಡಿಮೆ. ಕಿತ್ತ ಗಿಡವನ್ನು ಕಾಯಿ ಮೇಲ್ಮುಖವಾಗುವಂತೆ ಮಗುಚಿ ಸಾಲಿನಲ್ಲಿ ಒಣಗಿಸಬೇಕು. ಅಲ್ಲಾಡಿಸಿದರೆ ಒಳಗೆ ಕಾಳು ಗಲಗಲ ಅನ್ನಬೇಕು. ಕಾಯಿಯ ತೇವ ಶೇ. 8ಕ್ಕೆ ಇಳಿದಿರಬೇಕು. ಒಡೆದ, ಹುಳು ಬಿದ್ದ, ಸುಕ್ಕಾದ ಕಾಯಿಯನ್ನು ಬೇರೆ ತೆಗೆದು ಅದನ್ನು ತಿನ್ನುವ ಮಾಲಿಗೆ ಸೇರಿಸಬಾರದು. ಚೀಲವನ್ನು ನೆಲಕ್ಕೆ ತಾಗಿಸದೆ ಹಲಗೆಯ ಮೇಲೆ ಒಟ್ಟಬೇಕು. ಇದೆಲ್ಲ ನಮ್ಮ ಅಜ್ಜಂದಿರು ಬೀಜದ ಕಾಯಿಗೆ ಮಾಡುತ್ತಿದ್ದ ಆರೈಕೆಯೇ. ಬೀಜಕ್ಕೆ ಮಾಡಿದ್ದನ್ನು ಮಾರುವ ಮಾಲಿಗೂ ಮಾಡಬೇಕು, ಅಷ್ಟೇ.

ತಳಿಯ ಮಾತೂ ಇದೆ. ತಿಂಡಿ ಕಂಪನಿಗಳ ತಲೆನೋವೆಂದರೆ ಶೇಂಗಾ ಬೇಗ ಕಮಟು ಹಿಡಿಯುವುದು. ಕಾಳಿನ ಎಣ್ಣೆಯಲ್ಲಿ ಓಲಿಯಿಕ್ ಅಂಶ ಹೆಚ್ಚಿದ್ದರೆ ಕಮಟು ತಡವಾಗುತ್ತದೆ, ಪಾಕೀಟು ಹಲವು ತಿಂಗಳು ಹೆಚ್ಚು ಬಾಳುತ್ತದೆ. ಸಾಮಾನ್ಯ ತಳಿಗಳಲ್ಲಿ ಅದು ಶೇ. 45–50, ಜುನಾಗಢದ ಶೇಂಗಾ ಸಂಶೋಧನಾ ಸಂಸ್ಥೆ ಮತ್ತು ಪಟಾಂಚೆರುವಿನ ಇಕ್ರಿಸ್ಯಾಟ್ ಸೇರಿ ತಂದ ಗಿರ್ನಾರ್-4, ಗಿರ್ನಾರ್-5 ತಳಿಗಳಲ್ಲಿ ಸುಮಾರು 80. ಪಟಾಂಚೆರು ನಮ್ಮ ಪಶ್ಚಿಮ ತೆಲಂಗಾಣದ ಕನ್ನಡಿಗರಿಗೆ ಬಾಗಿಲಲ್ಲೇ ಇದೆ. ಅಫ್ಲಾಟಾಕ್ಸಿನ್ ಪತ್ತೆಗೆ ಅಗ್ಗದ ಪರೀಕ್ಷಾ ಕಿಟ್ಟನ್ನೂ ಅಲ್ಲಿನವರು ರೂಪಿಸಿದ್ದಾರೆ. ಆದರೆ ಒಂದು ಎಚ್ಚರ: ಇಂಥ ತಳಿಯನ್ನು ಬೇರೆ ಕಾಯಿಯ ಜೊತೆ ಬೆರೆಸಿ ಯಾರ್ಡಿಗೆ ಸುರಿದರೆ ಒಂದು ರೂಪಾಯಿಯೂ ಹೆಚ್ಚು ಸಿಗುವುದಿಲ್ಲ. ಹತ್ತಾರು ರೈತರು ಒಂದೇ ತಳಿ ಹಾಕಿ, ಬೇರೆಯೇ ಒಣಗಿಸಿ, ಕೊಳ್ಳುವವನ ಜೊತೆ ಮೊದಲೇ ಮಾತಾಡಿಕೊಂಡರೆ ಮಾತ್ರ ಬೆಲೆ.

ಹೆಸರು ಯಾರದು?

ಇಷ್ಟನ್ನು ಕೂಡಿಸಿ ನೋಡಿದರೆ ಒಂದು ಚಿತ್ರ ಕಾಣುತ್ತದೆ. ಚಿಲ್ಲರೆ ಕಾಸಿನ ಪಾಕೀಟು ರೈತನನ್ನು ಕೆಳಗೆ ಒತ್ತುತ್ತದೆ. ಊರಿನ ರುಚಿ, ಆರೋಗ್ಯದ ಚಿಂತೆ, ಸುರಕ್ಷೆಯ ಕಟ್ಟುನಿಟ್ಟು — ಈ ಮೂರು ಅವನನ್ನು ಮೇಲೆತ್ತಬಲ್ಲವು. ಆದರೆ ಅವು ಮೇಲೆತ್ತುವುದು ಒಣಗಿದ, ಆರಿಸಿದ, ಹೆಸರಿರುವ ಮಾಲನ್ನು ಮಾತ್ರ. ಉಳಿದದ್ದು ಗಾಣಕ್ಕೆ.

ಹಾಗಾಗಿ ಆಲೂಗಡ್ಡೆ ಚಿಪ್ಸಿನ ನಕಲು ಮಾಡಿ ಐದು ರೂಪಾಯಿಯ ಕುಸ್ತಿಗೆ ಇಳಿಯುವುದು ಗಡಿಯ ಸಣ್ಣ ಘಟಕಗಳಿಗೆ ಒಳ್ಳೆಯದಲ್ಲ. ಆ ಅಖಾಡದಲ್ಲಿ ದೊಡ್ಡವರ ಕೈ ಮೇಲು. ನಮಗಿರುವ ಬಲ ಬೇರೆ. ಸೋಲಾಪುರ ಚಟ್ನಿ, ಖಡಕ್ ರೊಟ್ಟಿ, ಸಾಂಗ್ಲಿ ಕಡೆಯ ಭಡಂಗ, ಊಟಿಯ ವರ್ಕಿ, ವಯನಾಡಿನ ಬಾಳೆ ಚಿಪ್ಸು — ಇವು ಊರಿನ ಹೆಸರಿನ ಮೇಲೆ ನಡೆಯುವ ತಿಂಡಿಗಳು. ಊರ ಹೆಸರನ್ನು ಕಾರ್ಖಾನೆಯಲ್ಲಿ ಮಾಡಲು ಬರುವುದಿಲ್ಲ.

ಇನ್ನೊಂದು ಬಲ ನಮ್ಮ ನಾಲಿಗೆಯದೇ. ಗಡಿಯವನಿಗೆ ಎರಡು ಭಾಷೆ ಬರ್ತದೆ, ಕೆಲವರಿಗೆ ಮೂರು. ಪಾಕೀಟಿನ ಮೇಲೆ ಕಾನೂನಿನಂತೆ ಇಂಗ್ಲಿಷ್ ಅಥವಾ ಹಿಂದಿ ಇರಬೇಕು, ಅದರ ಜೊತೆಗೆ ಕನ್ನಡ, ಮರಾಠಿ, ತೆಲುಗು, ತಮಿಳು, ಮಲಯಾಳ ಯಾವುದನ್ನಾದರೂ ಹಾಕಬಹುದು. ಒಂದೇ ಪಾಕೀಟಿನ ಮೇಲೆ 'ಶೇಂಗಾ ಚಟ್ನಿ'ಯನ್ನು ಎರಡು ಲಿಪಿಯಲ್ಲಿ ಬರೆದರೆ ಬೆಲೆ ಏನೂ ಹೆಚ್ಚುವುದಿಲ್ಲ, ಎರಡು ರಾಜ್ಯದ ಗಿರಾಕಿಗೆ ಅದು ಮನೆಯದೇ ಅನ್ನಿಸುತ್ತದೆ. 2017ರಲ್ಲಿ ಜಿ.ಎಸ್.ಟಿ. ಬಂದ ಮೇಲೆ ಮಾರಾಟ ತೆರಿಗೆಯ ಗಡಿ ನಾಕಾಗಳೂ ಹೋದವು. ಅಕ್ಕಲಕೋಟೆಯ ಮಾಲು ಆಳಂದಕ್ಕೆ, ರಾಯದುರ್ಗದ ಮಾಲು ಬಳ್ಳಾರಿಗೆ ಹೋಗಲು ಹಿಂದಿನ ತೊಡಕಿಲ್ಲ.

ಶುರುಮಾಡುವವರು ಮೂರು ಕೆಲಸ ಮೊದಲು ಮಾಡಬೇಕು. ಆಹಾರ ಸುರಕ್ಷಾ ನೋಂದಣಿ ಮಾಡಿಸಬೇಕು. ಸಣ್ಣವರಿಗೆ ನೋಂದಣಿ ಸಾಕು, ದೊಡ್ಡದಾದ ಮೇಲೆ ಲೈಸೆನ್ಸು. ಸಣ್ಣ ಆಹಾರ ಘಟಕಗಳಿಗೆ ಕೇಂದ್ರ 2020ರಲ್ಲಿ ತಂದ ಯೋಜನೆಯಲ್ಲಿ ಯಂತ್ರದ ಖರ್ಚಿನ ಶೇ. 35ರಷ್ಟು, ಗರಿಷ್ಠ 10 ಲಕ್ಷ ರೂ., ಬ್ಯಾಂಕ್ ಸಾಲಕ್ಕೆ ಹೊಂದಿಕೊಂಡು ಸಹಾಯಧನ ಇಟ್ಟಿದ್ದರು. ಈಗಿನ ಅವಧಿ, ನಿಯಮಗಳನ್ನು ಜಿಲ್ಲಾ ಕೈಗಾರಿಕಾ ಅಥವಾ ಕೃಷಿ ಕಚೇರಿಯಲ್ಲಿ ವಿಚಾರಿಸಿ ಮುಂದುವರಿಯಬೇಕು. ಮೂರನೆಯದು, ಮೊದಲ ಲಾಟಿನಿಂದಲೇ ಕಾಳಿನ ಪರೀಕ್ಷೆ ಮಾಡಿಸಿ ಚೀಟಿ ಇಟ್ಟುಕೊಳ್ಳಬೇಕು. ದೊಡ್ಡ ಗಿರಾಕಿ ಬಂದ ದಿನ ಅವನು ಮೊದಲು ಕೇಳುವುದು ರುಚಿಯನ್ನಲ್ಲ, ಆ ಚೀಟಿಯನ್ನು.

ಕೊರಿಯಾದ ಪಾಚಿಗೆ ಥಾಯ್ಲೆಂಡಿನವರು ಹೆಸರಿಟ್ಟು ಗೆದ್ದರು ಎಂದು ಮೇಲೆ ಹೇಳಿದೆವು. ನಮ್ಮ ಶೇಂಗಾಕ್ಕೆ, ನಮ್ಮ ಜೋಳಕ್ಕೆ ಹೆಸರಿಡುವವರು ಯಾರಾಗಬೇಕು ಎಂಬುದನ್ನು ನಾವು ತೀರ್ಮಾನಿಸದಿದ್ದರೆ, ಇನ್ನೊಬ್ಬರು ತೀರ್ಮಾನಿಸುತ್ತಾರೆ. ಅದಕ್ಕೂ ಮೊದಲು ಈ ಸುಗ್ಗಿಯಲ್ಲಿ ಮಾಡಬಹುದಾದ ಸಣ್ಣ ಕೆಲಸ ಒಂದಿದೆ: ಕಾಯಿ ಚೆನ್ನಾಗಿ ಒಣಗಲಿ, ನೀರಿನ ಕೊಡ ಒಡೆಯುವ ಯಂತ್ರದಿಂದ ದೂರ ಇರಲಿ.